ಮೀನೆಣ್ಣೆ ಹಾಕದ ಮೇಸ್ತ್ರಿ

ಮೇಸ್ತ್ರಿಯ ಮುಂದಿನ ನಾಲ್ಕು ಹಲ್ಲುಗಳು ಕಪ್ಪಗಿದ್ದವು. ಎಲೆಯಡಿಕೆಯ ಕೆಂಪಲ್ಲ, ಹೊಗೆಸೊಪ್ಪಿನ ಕಂದಲ್ಲ. ರಸ್ತೆಗೆ ಹಾಕುವ ಡಾಮರಿನ ಅಪ್ಪಟ ಕಪ್ಪು. ಕುದಿಸಿದ ಡಾಮರಿನ ಪಾಕ ಹದಕ್ಕೆ ಬಂತೋ ಇಲ್ಲವೋ ಎಂದು ತಿಳಿಯಲು ಅವರ ಬಳಿ ಬೇರೆ ಉಪಕರಣವಿರಲಿಲ್ಲ. ಕಡ್ಡಿಯ ತುದಿಯಲ್ಲಿ ಗೋಲಿಯಷ್ಟು ತೆಗೆದು, ತಣ್ಣೀರಿಗೆ ಅದ್ದಿ, ಮುಂದಿನ ಹಲ್ಲಿನಲ್ಲಿ ಕಚ್ಚುತ್ತಿದ್ದರು. ಹಲ್ಲಿಗೆ ಅಂಟಿಕೊಂಡರೆ ಇನ್ನೂ ಬೇಯಬೇಕು. ಪುಡಿಯಾದರೆ ಎಣ್ಣೆ ಸಾಲದು. ಹಲ್ಲಿನ ಗುರುತು ಮೂಡಿ, ಆ ಗುರುತು ನಿಧಾನಕ್ಕೆ ಮಾಸಿದರೆ ಪಾಕ ಸರಿಯಾಯಿತು ಎಂದು ಲೆಕ್ಕ.

ನಾನು ಮೊದಲ ಸಲ ಇದನ್ನು ಕಂಡಾಗ “ಅಯ್ಯೋ, ಅದು ವಿಷ” ಎಂದು ಕೂಗಿದೆ. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದ್ದೆ, ಹಾಗಾಗಿ ನನಗೆ ತಿಳಿಯದ ವಿಷಯ ಲೋಕದಲ್ಲಿ ಯಾವುದೂ ಇರಲಿಲ್ಲ. ಅವರು ಇನ್ನೊಂದು ಗೋಲಿ ತೆಗೆದು ನನ್ನ ಮೂಗಿನ ಮುಂದೆ ಹಿಡಿದರು.

“ಕಚ್ಚಿ ನೋಡಿ ಬಾಯಮ್ಮ. ವಿಷ ಆದ್ರೆ ನಾಳೆಯಿಂದ ನೀವೂ ಬರುವುದು ಬೇಡ, ನಾನೂ ಬರುವುದು ಬೇಡ. ಇಬ್ಬರಿಗೂ ರಜೆ ಅಲ್ವಾ!”

ನಮ್ಮ ಕಡೆ ಕ್ರೈಸ್ತ ಹೆಂಗಸರನ್ನು ಬಾಯಮ್ಮ ಎಂದು ಕರೆಯುವುದು ವಾಡಿಕೆ. ನಾನು ಕಚ್ಚಲಿಲ್ಲ. ಅವರು ವಾರವಿಡೀ ಕೆಲಸದವರ ಎದುರಿಗೆ ಆ ಮಾತೆತ್ತಿ ನಗಾಡಿದರು.

ನಾನು ಶಿರ್ವದವಳು. ನಮ್ಮ ನೆರೆಕರೆಯ ಪ್ರತಿ ಮನೆಯಿಂದ ಒಬ್ಬರು ಗಲ್ಫಿಗೆ ಹೋಗಿ, ಗದ್ದೆಯ ಬದಿಯಲ್ಲಿ ಎರಡಂತಸ್ತಿನ ಮನೆಗಳು ಏಳುತ್ತಿದ್ದ ಕಾಲ ಅದು. ನಮ್ಮ ಮನೆಯಿಂದ ಹೋಗಲು ಗಂಡುಮಕ್ಕಳಿರಲಿಲ್ಲ. ಹಾಗಾಗಿ ನಾನು ಉಡುಪಿಗೆ ಹೋದೆ. ಉಡುಪಿಗೂ ಮಣಿಪಾಲಕ್ಕೂ ನಡುವಿನ ಒಂದು ಗುಡ್ಡದ ಸುತ್ತಲಿನ ನಾಲ್ಕು ಬಡಾವಣೆಗಳವರು ಕೂಡಿ ಒಂದು ನೀರಿನ ಸಮಿತಿ ಮಾಡಿಕೊಂಡಿದ್ದರು. ಅದರ ಹೆಸರು ಬೇಡ, ಆ ಸಮಿತಿ ಈಗ ಇಲ್ಲ. ಕೆಳಗಿನ ಬಾವಿಯಿಂದ ನೀರೆತ್ತಿ, ಮರಳಿನಲ್ಲಿ ಸೋಸಿ, ಬ್ಲೀಚಿಂಗ್ ಪೌಡರ್ ಬೆರೆಸಿ, ಗುಡ್ಡದ ಮೇಲಿನ ದೊಡ್ಡ ಟ್ಯಾಂಕಿನಲ್ಲಿ ತುಂಬಿಸಿ ಮನೆಮನೆಗೆ ಬಿಡುತ್ತಿದ್ದರು. ಪೌಡರ್ ಎಷ್ಟು ಬೆರೆಸಬೇಕು ಎಂದು ಹೇಳುವುದು, ನೀರಿಗೆ ಎರಡು ಹನಿ ಔಷಧ ಹಾಕಿ ಹಳದಿ ಬಣ್ಣ ಬರುತ್ತದೋ ಎಂದು ನೋಡಿ ಬರೆದಿಡುವುದು ನನ್ನ ಕೆಲಸ. ಕೆಲಸ ತಾತ್ಕಾಲಿಕ. ಖಾಯಂ ಮಾಡುವುದೋ ಬಿಡುವುದೋ ಎಂಬುದು ಕಾರ್ಯದರ್ಶಿಗಳ ಕೈಯಲ್ಲಿತ್ತು. ಅವರು ನಿವೃತ್ತ ಹೆಡ್ಮಾಸ್ಟರು. ಸಮಿತಿಯನ್ನು ಏಳನೇ ತರಗತಿಯ ಹಾಗೆ ನಡೆಸುತ್ತಿದ್ದರು.

ಮೇಸ್ತ್ರಿ ಎರ್ಮಾಳಿನವರು. ಅವರ ಅಜ್ಜ, ತಂದೆ ಎಲ್ಲರೂ ದೋಣಿಯ ಹಲಗೆಗಳ ಸಂದು ಮುಚ್ಚುವವರು. ಹಲಗೆ ಹಲಗೆಯ ನಡುವೆ ಹತ್ತಿಯ ಬತ್ತಿಯನ್ನು ಉಳಿ ಮತ್ತು ಕೊಡತಿಯಿಂದ ಬಡಿದು ಕೂರಿಸಿ, ಮೇಲೆ ರಾಳ ಮತ್ತು ಎಣ್ಣೆಯ ಪಾಕ ಹಾಕಿದರೆ ಸಮುದ್ರದ ನೀರು ಒಳಗೆ ಬರುವುದಿಲ್ಲ. ಒಳಗೆ ಬರದ ನೀರು ಹೊರಗೂ ಹೋಗಲಿಕ್ಕಿಲ್ಲ ಎಂದು ಯೋಚಿಸಿ ಈ ಮನುಷ್ಯ ರಾಳದ ಬದಲು ಡಾಮರು ಕುದಿಸಿ ಟ್ಯಾಂಕಿಗೆ ಕೈಹಾಕಿದರು. ಮೊದಲು ಕಾಪುವಿನ ಒಂದು ಅಕ್ಕಿಗಿರಣಿಯ ಟ್ಯಾಂಕ್, ಆಮೇಲೆ ಕಾರ್ಕಳದ ಕಡೆಯ ಒಂದು ಹಾಸ್ಟೆಲಿನದು. ಕೆಲವೇ ವರ್ಷಗಳಲ್ಲಿ ಕಾಪುವಿನಿಂದ ಕಾರ್ಕಳದ ತನಕ ಎಲ್ಲಿ ಟ್ಯಾಂಕ್ ಸೋರಿದರೂ ಇವರಿಗೆ ಹೇಳಿಕಳುಹಿಸುವ ಹಾಗಾಯಿತು. ಅವೆಲ್ಲ ಬರೀ ಬಾವಿ ನೀರಿನ ಟ್ಯಾಂಕುಗಳು. ಪೌಡರ್ ಬೆರೆಸಿದ ನೀರಿನ ಟ್ಯಾಂಕ್ ಅವರ ಕೈಗೆ ಬಂದದ್ದು ನಮ್ಮದೇ ಮೊದಲು.

ಅವರನ್ನು ಒಳ್ಳೆಯವರು ಎಂದು ಯಾರೂ ಹೇಳುತ್ತಿರಲಿಲ್ಲ. ನಾಲಿಗೆ ಉಳಿಗಿಂತ ಹರಿತ. ಕೆಲಸದವನು ಒಂದು ಗೇಣು ಸಂದನ್ನು ಸಡಿಲ ತುಂಬಿದ್ದರೆ ಇಡೀ ದಿನದ ಕೆಲಸವನ್ನು ಅವನ ಕೈಯಿಂದಲೇ ಕೀಳಿಸುತ್ತಿದ್ದರು. “ಇದು ನಿನ್ನ ಮದುವೆಯಲ್ಲ, ಸಡಿಲ ಇದ್ರೆ ನಡೀತದೆ ಅಂತ ಹೇಳ್ಲಿಕ್ಕೆ” ಎನ್ನುತ್ತಿದ್ದರು, ಅವನ ಹೆಂಡತಿ ತವರಿಗೆ ಹೋಗಿ ಕುಳಿತಿದ್ದಾಳೆಂದು ತಿಳಿದೂ. ಕಾಂಕ್ರೀಟ್ ಎರೆದ ಇಂಜಿನಿಯರರನ್ನು ಕಂಡರೆ ಅವರಿಗೆ ತಮಾಷೆ. “ಗೋಡೆ ಕಟ್ಟಿದವರು ಫೋಟೋ ತೆಗೆಸಿ ಹೋದ್ರು. ಸೋರುವುದು ಗೋಡೆ ಅಲ್ಲ, ಸಂದು. ಸಂದಿನ ಫೋಟೋ ಯಾರು ತೆಗೀತಾರೆ ಮಾರಾಯ್ರೆ?”

ನನಗೆ ಮಾತ್ರ ಅವರು ಶುಕ್ರವಾರ ಬೂತಾಯಿ ಮೀನು ತರುತ್ತಿದ್ದರು. ಶುಕ್ರವಾರ ನಮ್ಮ ಮನೆಯಲ್ಲಿ ಮಾಂಸ ಮಾಡುವುದಿಲ್ಲ ಎಂದು ಒಮ್ಮೆ ಬಸ್ಸಿನಲ್ಲಿ ಹೇಳಿದ್ದೆ. ಸಂಜೆ ಉಡುಪಿಯಿಂದ ಇಬ್ಬರೂ ಒಂದೇ ಬಸ್ಸಿಗೆ ಹೋಗುತ್ತಿದ್ದೆವು. ನಾನು ಕಟಪಾಡಿಯಲ್ಲಿ ಇಳಿದು ಶಿರ್ವದ ಬಸ್ಸು ಹಿಡಿಯುವುದು, ಅವರು ಮುಂದೆ ಎರ್ಮಾಳಿಗೆ. ಬಾಳೆಲೆಯಲ್ಲಿ ಸುತ್ತಿದ ಮೀನನ್ನು ಬೆಳಿಗ್ಗೆಯೇ ತಂದು ಪಂಪಿನ ಶೆಡ್ಡಿನ ನೆರಳಲ್ಲಿ ಒದ್ದೆ ಗೋಣಿಯ ಕೆಳಗೆ ಇಟ್ಟಿರುತ್ತಿದ್ದರು. ಗುಡ್ಡದ ಮೇಲೆ ಆ ವಾಸನೆ ಯಾರಿಗೂ ಬಡಿಯಬಾರದೆಂದು ಎರಡೆರಡು ಎಲೆ ಸುತ್ತುವಷ್ಟು ಜಾಗ್ರತೆ ಅವರಿಗಿತ್ತು. ಕೆಳಗಿನ ನಾಲ್ಕು ಬಡಾವಣೆಗಳಲ್ಲಿ ಹೆಚ್ಚಿನವು ಮೀನು ತಿನ್ನದ ಮನೆಗಳು.

ಅದು ಎಪ್ಪತ್ತೇಳನೆಯ ಇಸವಿ. ಟ್ಯಾಂಕ್ ಸೋರತೊಡಗಿತ್ತು. ನಮ್ಮ ಟ್ಯಾಂಕ್ ಒಂದೇ ಎರಕದ್ದಲ್ಲ, ಭಾಗಭಾಗವಾಗಿ ಎರೆದದ್ದು. ಬಿಸಿಲಿಗೆ ಕಾಂಕ್ರೀಟ್ ಹಿಗ್ಗಿ, ತಂಪಿಗೆ ಕುಗ್ಗುವುದರಿಂದ ಭಾಗಗಳ ನಡುವೆ ಹೆಬ್ಬೆರಳು ತೂರುವಷ್ಟು ಸಂದು ಬಿಟ್ಟು, ಅದರಲ್ಲಿ ಬೊಂಬಾಯಿಯಿಂದ ತರಿಸಿದ ಸೀಲೆಂಟ್ ತುಂಬಿದ್ದರು. ನಾಲ್ಕು ವರ್ಷಕ್ಕೆ ಅದು ಕೆಟ್ಟಿತು. ನೀರು ಖಾಲಿ ಮಾಡಿಸಿ ನಾನೂ ಮೇಸ್ತ್ರಿಯೂ ಏಣಿಯಿಂದ ಒಳಗಿಳಿದೆವು. ಅವರು ಹೆಬ್ಬೆರಳಿನ ಉಗುರಿನಿಂದ ಸಂದಿನುದ್ದಕ್ಕೂ ಗೀರುತ್ತ ನಡೆದರು. ಬುಡದಲ್ಲಿ ಸೀಲೆಂಟ್ ಇನ್ನೂ ಮೆತ್ತಗಿತ್ತು. ನೀರಿನ ಮಟ್ಟ ಏರಿಳಿಯುವ ಎತ್ತರದಲ್ಲಿ ಮಾತ್ರ ಹೊಳಪು ಹೋಗಿ, ಮೇಲೆ ಸುಣ್ಣದಂತಹ ಬಿಳಿ ಪುಡಿ ಕೂತು, ಕೂದಲಿನಷ್ಟು ತೆಳು ಬಿರುಕುಗಳು ಎದ್ದಿದ್ದವು. ಗೋಡೆಯ ಒಂದು ಅಂಚನ್ನು ಬಿಟ್ಟು ಇನ್ನೊಂದು ಅಂಚಿಗೆ ಜೋತುಬಿದ್ದಿತ್ತು. ಅವರು ಒಂದು ಚೂರು ಕಿತ್ತು ಕಚ್ಚಿ ಉಗುಳಿದರು.

“ಇದನ್ನು ನೀರು ತಿಂದದ್ದಲ್ಲ ಬಾಯಮ್ಮ. ನಿಮ್ಮ ಪುಡಿ ತಿಂದದ್ದು.”

ಮಾತು ಸರಿಯಾಗಿತ್ತು. ಬ್ಲೀಚಿಂಗ್ ಪೌಡರಿನಲ್ಲಿರುವ ಕ್ಲೋರಿನ್ ಇಂಥ ಸೀಲೆಂಟುಗಳನ್ನು ಒಣಗಿಸಿ ಬಿರಿಸುತ್ತದೆ ಎಂದು ನಾನು ಪುಸ್ತಕದಲ್ಲಿ ಓದಿದ್ದೆ. ಅವರು ಉಗುರಿನಲ್ಲಿ ಓದಿದರು. ತಾವು ಹಾಕುವ ಪಾಕಕ್ಕೆ ಎಣ್ಣೆ ಜಾಸ್ತಿ ಬೇಕು, ಅದು ಎಂದಿಗೂ ಒಣಗದ ಎಣ್ಣೆಯಾಗಿರಬೇಕು ಎಂದರು. “ಬೂತಾಯಿ ಎಣ್ಣೆ. ಅದಕ್ಕಿಂತ ಒಳ್ಳೇದು ಇಲ್ಲ. ದೋಣಿಯಲ್ಲಿ ಹತ್ತು ವರ್ಷ ಮೆತ್ತಗೆ ನಿಲ್ತದೆ.” ಆಮೇಲೆ ತಾವೇ ತಲೆ ಕೆರೆದುಕೊಂಡು, “ಇಲ್ಲಿಗೆ ಅದು ಆಗ್ಲಿಕ್ಕಿಲ್ಲ, ಅಲ್ವಾ?” ಎಂದರು.

ಆಗುವ ಹಾಗಿರಲಿಲ್ಲ. ಮಡಿಯಲ್ಲಿ ನೀರು ಹಿಡಿದು ದೇವರಿಗೆ ಅಭಿಷೇಕ ಮಾಡುವ ಮನೆಗಳ ಟ್ಯಾಂಕಿಗೆ ಮೀನಿನ ಎಣ್ಣೆ! ನನ್ನ ತಲೆ ಆಗ ಬಹಳ ಚುರುಕಾಗಿ ಓಡಿತು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಎಣ್ಣೆ ಇದೆಯಲ್ಲ, ಕಾರ್ಕಳದ ಕಡೆ ಫ್ಯಾಕ್ಟರಿಗಳಲ್ಲಿ ಸಿಗುತ್ತದೆ, ಅದೂ ಬೇಗ ಒಣಗುವುದಿಲ್ಲ, ಮರದಲ್ಲಿ ಬೆಳೆಯುವ ಕಾಯಿಯ ಎಣ್ಣೆ, ಅದಕ್ಕೆ ಯಾರು ಏನು ಹೇಳಿಯಾರು ಎಂದೆ. ಮೇಸ್ತ್ರಿ ಕೂಡಲೇ ಒಪ್ಪಲಿಲ್ಲ.

“ಗೇರೆಣ್ಣೆ ನಾವು ದೋಣಿಯ ಹೊರಮೈಗೆ ಹಚ್ಚುವುದು. ಕುಡಿಯುವ ನೀರಿಗೆ ನಾನು ಹಾಕಿದವನಲ್ಲ. ನಿಮ್ಮ ಪುಡಿಗೂ ಅದಕ್ಕೂ ಹೇಗೋ ಏನೋ.”

“ನಾನು ಕಲಿತದ್ದು ಅದನ್ನೇ ಅಲ್ವಾ ಮೇಸ್ತ್ರಿ? ಏನೂ ಆಗುವುದಿಲ್ಲ.”

“ಆಯ್ತು. ಆದ್ರೆ ಯಾರಾದ್ರೂ ಕೇಳಿದ್ರೆ ನೀವೇ ಹೇಳ್ಬೇಕು ಮತ್ತೆ.”

“ಹೇಳ್ತೇನೆ” ಎಂದೆ.

ಗೇರೆಣ್ಣೆ ಚರ್ಮವನ್ನು ಸುಡುತ್ತದೆ. ಎರಡು ವಾರ ಆ ಪಾಕದಲ್ಲಿ ಹತ್ತಿಯ ಬತ್ತಿ ಅದ್ದಿ ಅದ್ದಿ ಅವರ ಎರಡೂ ಕೈಗಳಲ್ಲಿ ಬೊಬ್ಬೆಗಳೆದ್ದು ಒಡೆದವು. ಬೆರಳ ತುದಿಗಳ ತೊಗಲು ಸುಲಿದುಬಂತು. ಕೈಗೆ ಬಟ್ಟೆ ಸುತ್ತಿಕೊಳ್ಳಿ ಎಂದರೆ, ಬಟ್ಟೆ ಸುತ್ತಿದರೆ ಸಂದು ತುಂಬಿದೆಯೋ ಇಲ್ಲವೋ ಬೆರಳಿಗೆ ತಿಳಿಯುವುದಿಲ್ಲ ಎಂದರು. ಊಟದ ಹೊತ್ತಿಗೆ ಅನ್ನ ಕಲಸಲಾಗದೆ ಗಂಜಿಯನ್ನು ಪಾತ್ರೆಗೇ ಬಾಯಿಟ್ಟು ಕುಡಿಯುತ್ತಿದ್ದರು. ನಾನು ಮುಲಾಮು ತಂದುಕೊಟ್ಟೆ. ಮಾಡಿದ ಉಪಕಾರದ ಪಟ್ಟಿಯಲ್ಲಿ ನನ್ನದು ಅಷ್ಟೇ.

ಟ್ಯಾಂಕ್ ತುಂಬಿಸಿದೆವು. ಒಂದು ಹನಿ ಸೋರಲಿಲ್ಲ. ಕಾರ್ಯದರ್ಶಿಗಳು ಬಂದು ಗೋಡೆಯ ಸುತ್ತ ನಡೆದು, ಒಣ ನೆಲವನ್ನು ಕೊಡೆಯ ತುದಿಯಿಂದ ಕುಟ್ಟಿ ನೋಡಿ, “ಭೇಷ್” ಎಂದರು. ಭೇಷ್ ಎಂದದ್ದು ನನಗೆ, ಮೇಸ್ತ್ರಿಗಲ್ಲ. ನಾನು ಅದನ್ನೂ ತೆಗೆದುಕೊಂಡೆ.

ಮೂರನೆಯ ವಾರದಲ್ಲಿ ದೂರು ಶುರುವಾಯಿತು. ಕಾಫಿ ಕುಡಿಯಲಾಗುತ್ತಿಲ್ಲ, ಅನ್ನದಲ್ಲಿ ಏನೋ ಅಡ್ಡವಾಸನೆ, ಆಸ್ಪತ್ರೆಯ ಫಿನಾಯಿಲನ್ನು ನಾಲಿಗೆಗೆ ಸವರಿದ ಹಾಗೆ. ನಾನು ಕುಡಿದು ನೋಡಿದೆ, ಹೌದು. ವಾಸನೆ ಬಂದರೆ ನೀರು ಕೆಟ್ಟಿದೆ ಎಂದರ್ಥ, ಕೆಟ್ಟ ನೀರಿಗೆ ಪೌಡರ್ ಹೆಚ್ಚಿಸಬೇಕು. ಇಷ್ಟು ನನ್ನ ವಿದ್ಯೆ. ಪೌಡರ್ ಹೆಚ್ಚಿಸಿದೆ. ವಾಸನೆ ಇಮ್ಮಡಿಯಾಯಿತು. ಇನ್ನೂ ಹೆಚ್ಚಿಸಿದೆ. ಆಗ ನಲ್ಲಿಗಳಲ್ಲಿ ಎಳ್ಳಿನಷ್ಟು ಕಪ್ಪು ಚೂರುಗಳು ಬರತೊಡಗಿದವು. ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರೆ, ನೀರಿನ ಮಟ್ಟದ ಎತ್ತರದಲ್ಲಿ ಮೇಸ್ತ್ರಿಯ ಪಾಕ ಉಬ್ಬಿ, ಮೇಲ್ಪದರ ಸುಲಿದು, ಎಳೆಎಳೆಯಾಗಿ ನೇತಾಡುತ್ತಿತ್ತು.

ಸಂದಿಗೆ ಏನು ಹಾಕಿದ್ದು, ಯಾರು ಹಾಕಿದ್ದು ಎಂದು ಬಡಾವಣೆಗಳಲ್ಲಿ ವಿಚಾರಣೆ ನಡೆಯಿತು. ಎರ್ಮಾಳಿನ ದೋಣಿ ಮೇಸ್ತ್ರಿ ಎಂದು ಗೊತ್ತಾದದ್ದೇ ತಡ, ವಾಸನೆಗೆ ಹೆಸರು ಸಿಕ್ಕಿತು. ಅದು ಮೀನೆಣ್ಣೆ! ಜನ್ಮದಲ್ಲಿ ಮೀನನ್ನು ಹತ್ತಿರದಿಂದ ನೋಡದವರೆಲ್ಲ ಮೀನಿನ ವಾಸನೆಯನ್ನು ಖಚಿತವಾಗಿ ಗುರುತಿಸಿದರು. ಒಬ್ಬರಿಗೆ ಬೂತಾಯಿ ಎಂದು ತಿಳಿಯಿತು, ಇನ್ನೊಬ್ಬರಿಗೆ ಬಂಗುಡೆ. ಕೆಲವು ಮನೆಗಳಲ್ಲಿ ನೀರು ಹಿಡಿದ ಪಾತ್ರೆಗಳನ್ನೆಲ್ಲ ಅಂಗಳಕ್ಕೆ ಹಾಕಿ ಹುಣಸೆಹಣ್ಣಿನಲ್ಲಿ ತಿಕ್ಕಿದರು. ಒಬ್ಬ ಅಜ್ಜಿ ಎರಡು ದಿನ ಅನ್ನನೀರು ಬಿಟ್ಟು ಮಲಗಿದರು. ಆ ನೋವು ಸುಳ್ಳಾಗಿರಲಿಲ್ಲ, ಅವರು ನಿಜವಾಗಿಯೂ ಬೆಂದುಹೋಗಿದ್ದರು. ದಿನಾ ಮೀನು ತಿನ್ನುವ ನನಗೂ ಪಂಪ್ ಆಪರೇಟರನಿಗೂ ಮಾತ್ರ ಇದು ಮೀನಿನ ವಾಸನೆಯೇ ಅಲ್ಲ ಎಂದು ಮೊದಲ ಗುಟುಕಿಗೇ ಗೊತ್ತಿತ್ತು.

ಒಂದು ಮಧ್ಯಾಹ್ನ ಸಮಿತಿಯ ಸಭೆ ಸೇರಿತು. ಮೇಸ್ತ್ರಿಯನ್ನು ಕರೆಸಿದ್ದರು. ಕುರ್ಚಿಗಳು ಖಾಲಿ ಇದ್ದರೂ ಅವರಿಗೆ ಕುಳಿತುಕೊಳ್ಳಿ ಎಂದು ಯಾರೂ ಹೇಳಲಿಲ್ಲ. ನಾನು ಕಾರ್ಯದರ್ಶಿಗಳ ಪಕ್ಕದಲ್ಲಿ ನೀರಿನ ಪರೀಕ್ಷೆಯ ಪುಸ್ತಕ ಹಿಡಿದು ಕುಳಿತಿದ್ದೆ.

“ಎಂತ ಎಣ್ಣೆ ಹಾಕಿದ್ದು ನೀನು?” ಕಾರ್ಯದರ್ಶಿಗಳು ಕೇಳಿದರು.

“ಗೇರೆಣ್ಣೆ ಮಾಸ್ಟ್ರೆ.”

“ಸುಳ್ಳು ಹೇಳ್ಬೇಡ. ನೀವು ದೋಣಿಗೆ ಹಾಕುವುದು ಎಂತ?”

“ದೋಣಿಗೆ ಬೂತಾಯಿ ಎಣ್ಣೆ. ಇಲ್ಲಿಗೆ ಬೇಡ ಅಂತ ಗೇರೆಣ್ಣೆ ಹಾಕಿದ್ದು. ಬಾಯಮ್ಮನೇ ಹೇಳಿದ್ದು. ಕೇಳಿ ನೋಡಿ.”

ಎಲ್ಲರೂ ನನ್ನ ಕಡೆ ತಿರುಗಿದರು. ಆ ಕ್ಷಣದಲ್ಲಿ ನನಗೆ ತೋರಿದ್ದನ್ನು ಮುಚ್ಚಿಡುವುದಿಲ್ಲ. ಹೌದು ಎಂದರೆ ಈ ವಾಸನೆ ನನ್ನದಾಗುತ್ತದೆ. ಖಾಯಂ ಮಾಡುವ ಮಾತು ಅಲ್ಲಿಗೇ ಮುಗಿಯುತ್ತದೆ. ‘ಮೀನು ತಿನ್ನುವವಳು, ಬೇಕೆಂದೇ ಮಾಡಿಸಿದಳು’ ಎಂದೂ ಯಾರಾದರೂ ಹೇಳಿಯಾರು. ಇಷ್ಟೆಲ್ಲ ಯೋಚಿಸಲು ಉಗುಳು ನುಂಗುವಷ್ಟು ಹೊತ್ತೂ ಬೇಕಾಗಲಿಲ್ಲ.

“ಎಣ್ಣೆಯ ವಿಷಯ ನನಗೆ ಗೊತ್ತಿಲ್ಲ. ನಾನು ಏನೂ ಹೇಳಲಿಲ್ಲ” ಎಂದೆ.

ಮೇಸ್ತ್ರಿ ಸಿಟ್ಟಾಗಲಿಲ್ಲ. ಅವರಿಗೆ ಆಶ್ಚರ್ಯವಾಯಿತು, ಅಷ್ಟೇ. ಆಮೇಲೆ ಅಂಗಿಯ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಡಿಸಿದರು. ಒಳಗೆ ಪಾಕದ ಉಂಡೆ. ಒಂದು ಚೂರು ಮುರಿದು ತಾವು ಕಚ್ಚಿ ಜಗಿದರು. ಇನ್ನೊಂದು ಚೂರನ್ನು ಮೇಜಿನ ಮೇಲಿಟ್ಟರು.

“ಮೀನೆಣ್ಣೆ ಇದ್ರೆ ಬಾಯಿಗೆ ಗೊತ್ತಾಗ್ತದೆ. ನೀವೆಲ್ಲ ತಿನ್ನುವವರಲ್ಲ, ನಿಮಗೆ ಗೊತ್ತಾಗುವುದಿಲ್ಲ. ಬಾಯಮ್ಮ ತಿನ್ನುವವರು. ಅವರು ಒಮ್ಮೆ ಕಚ್ಚಿ ನೋಡಿ ಹೇಳಲಿ. ಮೀನು ಅಂತ ಅವರು ಹೇಳಿದ್ರೆ ನಾನು ಒಪ್ತೇನೆ.”

ಇಷ್ಟು ಸುಲಭ ಮಾಡಿಕೊಟ್ಟರು. ಎಣ್ಣೆ ಯಾರು ಹೇಳಿದ್ದು ಎಂಬ ಮಾತನ್ನು ಬಿಟ್ಟೇ ಬಿಟ್ಟಿದ್ದರು. ಮೀನಲ್ಲ ಎಂದು ಒಂದು ಶಬ್ದ ಹೇಳಿದ್ದರೆ ಸಾಕಿತ್ತು, ನನಗೆ ಯಾವ ನಷ್ಟವೂ ಇರಲಿಲ್ಲ. ಆದರೆ ಒಂದು ಸುಳ್ಳು ಹೇಳಿದವಳಿಗೆ ಅದರ ಪಕ್ಕದಲ್ಲಿ ಸತ್ಯವನ್ನು ಕೂರಿಸಲು ಭಯವಾಗುತ್ತದೆ. ನಾನು ಆ ಚೂರನ್ನು ತೋರುಬೆರಳಿನಿಂದ ಮೇಜಿನ ಅಂಚಿಗೆ ತಳ್ಳಿದೆ. “ನಾನು ಅದನ್ನೆಲ್ಲ ಬಾಯಿಗೆ ಹಾಕುವುದಿಲ್ಲ” ಎಂದೆ. ಸಭೆಯಲ್ಲಿ ಒಂದಿಬ್ಬರು ನಕ್ಕರು.

ತೀರ್ಪಾಯಿತು. ಹಾಕಿದವನೇ ಕೆರೆದು ತೆಗೆಯಬೇಕು, ಆಮೇಲೆ ಗುಡ್ಡ ಹತ್ತಬಾರದು. ಮೂರು ದಿನ ಅವರೊಬ್ಬರೇ ಟ್ಯಾಂಕಿನೊಳಗಿದ್ದರು, ಕೆಲಸದವರು ಬರಲಿಲ್ಲ. ಆರದ ಬೆರಳುಗಳಲ್ಲಿ ಉಳಿ ಹಿಡಿದು, ತಾವು ಒಂದೊಂದು ಗೇಣು ಬಡಿದು ಕೂರಿಸಿದ್ದನ್ನು ಗೇಣುಗೇಣಾಗಿ ಕಿತ್ತರು. ಕೆಲಸ ಮುಗಿಯಿತೋ ಎಂದು ನೋಡಿ ಸಹಿ ಹಾಕಬೇಕಾದವಳು ನಾನೇ. ಮೂರನೆಯ ದಿನ ಮುಚ್ಚಳದ ಬಾಯಿಯಿಂದ ಬಗ್ಗಿದೆ. ಅವರು ಕೆಳಗೆ ಗೋಡೆಗೊರಗಿ ಕುಳಿತು ಮೇಲೆ ನೋಡಿದರು.

“ಇಳಿದು ನೋಡಿ ಬಾಯಮ್ಮ. ಎಲ್ಲಾದ್ರೂ ಒಂದು ಚೂರು ಉಳಿದಿದ್ರೆ ನಾಳೆ ಅದಕ್ಕೂ ನನ್ನ ಹೆಸರೇ ಬರುವುದು.”

ನಾನು ಇಳಿಯಲಿಲ್ಲ. ಮೇಲಿನಿಂದಲೇ ಸರಿ ಎಂದು ಸಹಿ ಹಾಕಿದೆ. ಆ ದಿನ ಸಂಜೆ ಅವರು ಹಿಡಿಯುವ ಬಸ್ಸನ್ನು ಬಿಟ್ಟು ಅದರ ನಂತರದ ಬಸ್ಸಿಗೆ ಹೋದೆ. ಮುಂದಿನ ತಿಂಗಳು ನನ್ನ ಕೆಲಸ ಖಾಯಂ ಆಯಿತು. ಈ ಇಡೀ ಜನ್ಮದ ಅನ್ನಕ್ಕೆ ನಾನು ಯಾರ ಋಣದಲ್ಲಿದ್ದೇನೆ ಎಂದು ಕೇಳಿದರೆ ದೇವರ ಹೆಸರಿಗಿಂತ ಮೊದಲು ಅವರ ಮುಖ ಬರುತ್ತದೆ.

ಮಾತು ಬಸ್ಸಿಗಿಂತ ಬೇಗ ಕಾರ್ಕಳ ತಲುಪಿತು. ‘ಟ್ಯಾಂಕಿಗೆ ಮೀನೆಣ್ಣೆ ಹಾಕಿದವನು’ ಎಂಬ ಹೆಸರು ಅವರಿಗೆ ಅಂಟಿಕೊಂಡಿತು. ಮೀನು ತಿನ್ನುವವರೂ ಅವರನ್ನು ಕರೆಯುವುದನ್ನು ಬಿಟ್ಟರು. ತಿನ್ನುವುದು ಬೇರೆ, ಕುಡಿಯುವ ನೀರಿನಲ್ಲಿ ಮೋಸ ಬೇರೆ ಎಂಬುದು ಅವರ ನ್ಯಾಯ. ದೋಣಿಯ ಕೆಲಸಕ್ಕೆ ಮರಳಿದರಂತೆ. ಆದರೆ ಸುಲಿದ ಬೆರಳುಗಳಿಗೆ ಹೊಸ ತೊಗಲು ಬಂದರೂ ಸ್ಪರ್ಶ ಬರಲಿಲ್ಲ. ಬತ್ತಿ ಕೂತಿತೋ ಇಲ್ಲವೋ ತಿಳಿಯದೆ, ಅವರು ಸಂದು ಮುಚ್ಚಿದ ಒಂದು ದೋಣಿ ದಡದಲ್ಲೇ ನೀರು ತುಂಬಿಕೊಂಡಿತು. ಕೊನೆಗೆ ಅವರಿಗೆ ಸಿಕ್ಕಿದ್ದು ಕಡಲ ಬದಿಯ ಶೆಡ್ಡಿನಲ್ಲಿ ಬೂತಾಯಿ ಬೇಯಿಸಿ ಎಣ್ಣೆ ತೆಗೆಯುವ ಕೆಲಸ.

ಎಂಬತ್ತೊಂದರಲ್ಲಿ ಮಣಿಪಾಲದ ಒಂದು ಗ್ರಂಥಾಲಯದಲ್ಲಿ ಬೇರೇನನ್ನೋ ಹುಡುಕುತ್ತಿದ್ದಾಗ ನೀರಿನ ರುಚಿಯ ಬಗ್ಗೆ ಒಂದು ಪುಸ್ತಕ ಸಿಕ್ಕಿತು. ಗೇರೆಣ್ಣೆಯಂಥವುಗಳಲ್ಲಿ ಫಿನಾಲ್ ಜಾತಿಯ ವಸ್ತುಗಳಿರುತ್ತವೆ, ಅವು ಕ್ಲೋರಿನ್ ಜೊತೆ ಸೇರಿದರೆ ಫಿನಾಯಿಲಿನ ವಾಸನೆ ಹುಟ್ಟುತ್ತದೆ, ಕ್ಲೋರಿನ್ ಹೆಚ್ಚಿಸಿದರೆ ವಾಸನೆ ಇನ್ನೂ ಏರುವುದುಂಟು ಎಂದು ಸ್ಪಷ್ಟವಾಗಿ ಅದರಲ್ಲಿತ್ತು. ಬೂತಾಯಿ ಎಣ್ಣೆಯಿಂದ ಆ ವಾಸನೆ ಬರುತ್ತಿರಲಿಲ್ಲ. ಅಂದರೆ ಅವರು ಮೊದಲು ಹೇಳಿದ ಎಣ್ಣೆಯನ್ನೇ ಹಾಕಿದ್ದರೆ ಯಾರಿಗೂ ಗೊತ್ತಾಗುವ ಸಂಭವವೇ ಕಡಿಮೆ ಇತ್ತು. ನಾಲ್ಕು ಬಡಾವಣೆಗಳ ಮಡಿಯನ್ನು ಕಾಯಲು ಹೊರಟ ನನ್ನ ಜಾಣತನವೇ ಇಷ್ಟನ್ನೂ ಮಾಡಿತ್ತು. ಪುಟವನ್ನು ಕೈಯಲ್ಲಿ ಬರೆದುಕೊಂಡು ಎರ್ಮಾಳಿಗೆ ಹೋದೆ.

ಶೆಡ್ಡಿನ ಹೊರಗೆ ಅವರು ದೊಡ್ಡ ಕಡಾಯಿಯಲ್ಲಿ ಕುದಿಯುತ್ತಿದ್ದ ಮೀನನ್ನು ಕೋಲಿನಿಂದ ತಿರುವುತ್ತಿದ್ದರು. ಮೈಯೆಲ್ಲ ಎಣ್ಣೆ. ನೂರು ಮಾರು ದೂರಕ್ಕೇ ವಾಸನೆ ಬಡಿಯಿತು. ಈ ಸಲ ನಿಜಕ್ಕೂ ಮೀನಿನದು. ನನ್ನನ್ನು ಕಂಡು “ಬನ್ನಿ ಬಾಯಮ್ಮ, ಮೂಗು ಮುಚ್ಚಿಕೊಂಡು ಬನ್ನಿ” ಎಂದರು. ನಾನು ಚೀಟಿ ತೆಗೆದು ಓದಿದೆ, ವಿವರಿಸಿದೆ. ಅವರು ಕೋಲು ನಿಲ್ಲಿಸದೆ ಪೂರ್ತಿ ಕೇಳಿದರು.

“ಮೀನೆಣ್ಣೆ ಅಲ್ಲ ಅಂತ ಅದರಲ್ಲಿ ಉಂಟಾ?”

“ಉಂಟು.”

“ಸಮಿತಿಯವರಿಗೆ ಹೇಳಿದ್ರಾ?”

“ಇಲ್ಲ. ಮೊದಲು ನಿಮಗೆ ಹೇಳುವ ಅಂತ ಬಂದೆ.”

ಅವರು ಕೋಲನ್ನು ಕಡಾಯಿಯ ಅಂಚಿಗೆ ಒರಗಿಸಿದರು. “ನನಗೆ ಎಂತಕ್ಕೆ ಬಾಯಮ್ಮ? ಹಾಕಿದವನು ನಾನು. ನನಗೆ ಗೊತ್ತುಂಟಲ್ಲ.”

ಮತ್ತೆ ಕೋಲು ಕೈಗೆತ್ತಿಕೊಂಡು ಮೀನು ತಿರುವತೊಡಗಿದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ನಾಳೆಯೇ ಕಾರ್ಯದರ್ಶಿಗಳಿಗೆ ಹೇಳುತ್ತೇನೆ ಎಂದು ಮಾತು ಕೊಟ್ಟು ಹೊರಟೆ. ಮರುದಿನ ಕಾರ್ಯದರ್ಶಿಗಳಿಗೆ ಜ್ವರವಿತ್ತು. ಅದರ ಮುಂದಿನ ವಾರ ಪಂಪ್ ಕೆಟ್ಟಿತ್ತು. ಆಮೇಲೆ ಹೇಳದೆ ಇರುವುದೇ ಅಭ್ಯಾಸವಾಯಿತು. ಒಂದು ವರ್ಷದ ನಂತರ ಕಾರ್ಯದರ್ಶಿಗಳು ತೀರಿಕೊಂಡರು. ಶವದ ಮುಂದೆ ನಿಂತಾಗ ನನಗೆ ದುಃಖಕ್ಕಿಂತ ನಿರಾಳವೇ ಹೆಚ್ಚಾಗಿತ್ತು ಎಂದು ಬರೆಯಲು ನಾಚುವ ಹಂತವನ್ನು ನಾನು ದಾಟಿದ್ದೇನೆ.

ಮೇಸ್ತ್ರಿ ತೀರಿಕೊಂಡದ್ದು ಎಂಬತ್ತೈದರ ಮಳೆಗಾಲದಲ್ಲಿ. ಪಂಪ್ ಆಪರೇಟರ್ ಬಂದು ಹೇಳುವಾಗ ತಿಂಗಳಾಗಿತ್ತು. ಹೋಗಬಾರದು ಎಂದು ಎರಡು ದಿನ ವಾದ ಮಾಡಿಕೊಂಡು ಮೂರನೆಯ ದಿನ ಎರ್ಮಾಳಿನ ಬಸ್ಸು ಹತ್ತಿದೆ. ಹೇಳಬೇಕಾದ ನಾಲ್ಕು ವಾಕ್ಯಗಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಮನೆಯ ಜಗಲಿಯಲ್ಲಿ ಅವರ ಮಗಳು ಅಕ್ಕಿಯಿಂದ ಕಲ್ಲು ಆರಿಸುತ್ತಿದ್ದಳು. ಮದುವೆಯಾಗಿ ಉಚ್ಚಿಲದಲ್ಲಿದ್ದವಳು, ತಾಯಿಯ ಜೊತೆಗಿರಲು ಬಂದಿದ್ದಳಂತೆ. “ಅಪ್ಪ ಹೇಳ್ತಾ ಇದ್ದ ಬಾಯಮ್ಮ ನೀವೇ ಅಲ್ವಾ?” ಎಂದು ಚಾಪೆ ಹಾಸಿದಳು. ತಾಯಿ ಒಳಗಿದ್ದರು.

ಕುಳಿತವಳೇ ಹೇಳಿದೆ. “ನಿಮ್ಮ ಅಪ್ಪ ಟ್ಯಾಂಕಿಗೆ ಮೀನೆಣ್ಣೆ ಹಾಕಲಿಲ್ಲ. ಗೇರೆಣ್ಣೆ ಹಾಕಿದ್ದು. ಅದನ್ನು ಹಾಕಿ ಅಂತ ಹೇಳಿದ್ದು ನಾನು. ಸಭೆಯಲ್ಲಿ ಸುಳ್ಳು ಹೇಳಿದ್ದೂ ನಾನು.”

ಅವಳು ಗೆರಸೆಯನ್ನು ಕೆಳಗಿಟ್ಟಳು. ಬೈಯುತ್ತಾಳೆ ಎಂದು ಕಾದೆ. ಬೈಯಲಿ ಎಂದೇ ಬಂದಿದ್ದೆ.

“ಹಾಗಾದ್ರೆ ಅಪ್ಪ ಹೇಳಿದ್ದು ಹೌದಾ?” ಎಂದಳು. “ಮನೆಯಲ್ಲಿ ನಾವು ಯಾರೂ ನಂಬಲಿಲ್ಲ ಬಾಯಮ್ಮ. ಕಲಿತವರು ಯಾಕೆ ಸುಳ್ಳು ಹೇಳ್ತಾರೆ, ಕುಡಿಯುವ ನೀರನ್ನು ಹಾಳು ಮಾಡಿದ್ದು ನೀವೇ ಅಂತ ಅಮ್ಮ ಅಪ್ಪನಿಗೆ ಊಟಕ್ಕೆ ಕೂತಾಗಲೂ ಬೈತಿದ್ರು. ಮೊದಮೊದಲು ಅಪ್ಪ ಅಲ್ಲ ಅಲ್ಲ ಅಂತ ಜಗಳ ಮಾಡ್ತಿದ್ರು. ಆಮೇಲೆ ಹೇಳುವುದನ್ನೇ ಬಿಟ್ರು.”

ಎರ್ಮಾಳಿಗೆ ಚೀಟಿ ಹಿಡಿದು ಹೋದ ದಿನ ಅವರು ‘ನನಗೆ ಗೊತ್ತುಂಟಲ್ಲ’ ಎಂದಾಗ ಅದನ್ನು ದೊಡ್ಡತನವೆಂದು ತಿಳಿದು ಬಂದಿದ್ದೆ. ಗೊತ್ತಿದ್ದದ್ದು ಅವರೊಬ್ಬರಿಗೇ ಎಂದು ನನಗೆ ಹೊಳೆದಿರಲಿಲ್ಲ. ಆ ಮನೆಯಿಂದ ಇಪ್ಪತ್ತು ಹೆಜ್ಜೆ ದೂರದ ಶೆಡ್ಡಿನ ಹೊರಗೆ ನಿಂತು ನಾನು ಪುಸ್ತಕದ ಸತ್ಯವನ್ನು ಕಡಾಯಿಯ ಎದುರಿಗೆ ಓದಿದ್ದೆ.

ಒಳಗೆ ಪಾತ್ರೆಯ ಸದ್ದಾಯಿತು. ಮಗಳು ಸೆರಗಿನಿಂದ ಮುಖ ಒರೆಸಿ ನನ್ನ ಕಡೆ ಬಗ್ಗಿದಳು. “ದಮ್ಮಯ್ಯ, ಅಮ್ಮನ ಹತ್ರ ಮಾತ್ರ ಹೇಳ್ಬೇಡಿ. ಎಂಟು ವರ್ಷ ಬೈದಿದ್ದಾರೆ. ಇನ್ನು ಇದನ್ನು ಕೇಳಿದ್ರೆ ಅವರು ಬದುಕುವುದಿಲ್ಲ.”

ಮೇಸ್ತ್ರಿಯ ಹೆಂಡತಿ ಒಂದು ತಟ್ಟೆಯಲ್ಲಿ ಬೆಲ್ಲದ ತುಂಡು, ಚೊಂಬಿನಲ್ಲಿ ನೀರು ತಂದು ನನ್ನ ಮುಂದಿಟ್ಟರು. ಸಣ್ಣ ಜೀವ, ಬೋಳು ಕೈಗಳು. ಮೆಟ್ಟಿಲ ಮೇಲೆ ನನಗಿಂತ ಕೆಳಗೆ ಕುಳಿತರು.

“ನೀವು ಇಷ್ಟು ದೂರ ಬಂದಿರಿ, ದೊಡ್ಡ ಮನಸ್ಸು” ಎಂದರು. “ಅವರು ಮಾಡಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಬೇಡಿ ಬಾಯಮ್ಮ. ದೇವರಿಗೆ ಇಡುವ ನೀರಿಗೆ ಹಾಗೆ ಮಾಡಬಾರದಿತ್ತು. ನೀವು ಪೊಲೀಸರಿಗೆ ಕೊಡದೆ ಬಿಟ್ಟಿರಿ. ಹೋದ ಜೀವ, ಅವರನ್ನೊಮ್ಮೆ ಮಾಫಿ ಮಾಡಿ.”

ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಬೆಲ್ಲವನ್ನು ಬಾಯಿಗೆ ಹಾಕಿಕೊಂಡೆ, ನೀರು ಕುಡಿದೆ, “ಮಾಫಿ ಮಾಡಿದ್ದೇನೆ” ಎಂದೆ.